ಕಲಾಸಂಘವೂ ಊರಿನ ಮನಸ್ಸೂ

ಕನ್ನಡದಲ್ಲಿ ‘ಅಳಲು’ ಎಂಬ ಶಬ್ದವೊಂದುಂಟು. ಹಳಗನ್ನಡದ ಕವಿಗಳು ಇದನ್ನು, ಇಂದು ಬಳಕೆಯಿಂದ ಬಿಟ್ಟುಹೋಗಿರುವ ೞ ಅಕ್ಷರದಿಂದ ‘ಅೞಲ್’ ಎಂದು ಬರೆಯುತ್ತಿದ್ದರು. ನಮ್ಮ ನುಡಿಯ ಸೋದರಿಯಾದ ತಮಿಳಿನಲ್ಲಿ ಇದೇ ಶಬ್ದಕ್ಕೆ ಬೆಂಕಿ, ಉರಿ ಎಂಬ ಅರ್ಥವಿದೆ. ದುಃಖವೆಂದರೆ ಒಳಗೊಳಗೇ ಸುಡುವ ಬೆಂಕಿಯೆಂದು ನಮ್ಮ ಹಿರಿಯರು ತಿಳಿದಿದ್ದರೆಂದು ಊಹಿಸಲು ಇಷ್ಟು ಸಾಕು. ಮನೆಗೆ ಬೆಂಕಿ ಬಿದ್ದರೆ ಹೊಗೆ ಕಂಡು ಊರು ಓಡಿಬರುತ್ತದೆ. ಮನಸ್ಸಿಗೆ ಬಿದ್ದರೆ ನೆರೆಯವರಿಗೆ ತಿಳಿಯುವುದು ಹೇಗೆ? ಈ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಬೀದರ, ಭಾಲ್ಕಿ, ಔರಾದ ಸೀಮೆಯ ಕಲಾವಿದರನ್ನೂ ಅವರ ಚಿಕ್ಕ ದೊಡ್ಡ ಸಂಘಗಳನ್ನೂ ಕುರಿತು ವಾಚಕರೊಡನೆ ಕೆಲವು ಮಾತು ಆಡಬೇಕೆಂದಿದ್ದೇನೆ.

ಮಾನಸಿಕ ಆರೋಗ್ಯವೆಂದೊಡನೆ ನಮಗೆ ಆಸ್ಪತ್ರೆ ನೆನಪಾಗುತ್ತದೆ. ಕಲೆಯೆಂದೊಡನೆ ಉತ್ಸವದ ವೇದಿಕೆ ನೆನಪಾಗುತ್ತದೆ. ಇವೆರಡಕ್ಕೂ ನಂಟು ಕಲ್ಪಿಸುವುದು ಈ ಕಾಲದ ಹೊಸ ವಿಚಾರವೆಂದು ತಿಳಿಯಬೇಕಾಗಿಲ್ಲ. ದುಃಖದಿಂದ ನೊಂದವರಿಗೂ ದುಡಿದು ಬಳಲಿದವರಿಗೂ ಶೋಕದಲ್ಲಿ ಮುಳುಗಿದವರಿಗೂ ನಾಟ್ಯವು ವಿಶ್ರಾಂತಿಯನ್ನು ಕೊಡತಕ್ಕದ್ದೆಂದು ಭರತಮುನಿ ತನ್ನ ಶಾಸ್ತ್ರದ ಮೊದಲ ಅಧ್ಯಾಯದಲ್ಲಿಯೇ ಹೇಳಿದ್ದಾನೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ಕಲೆಯಲ್ಲಿ ತೊಡಗುವುದರಿಂದ ದೇಹಕ್ಕೂ ಮನಸ್ಸಿಗೂ ಹಿತವುಂಟೆಂದು ಒಂದು ವರದಿಯನ್ನು ಪ್ರಕಟಿಸಿತು. ಮುನಿ ಹೇಳಿದ್ದನ್ನು ವಿಜ್ಞಾನಿಗಳೂ ಹೇಳಿದರೆಂದು ನಾವು ಸಂತೋಷಪಡಬಹುದು. ಆದರೆ ಹಿತ ಯಾವ ದಾರಿಯಿಂದ ಬರುತ್ತದೆ, ಆ ದಾರಿಯನ್ನು ಸವರಿ ಇಡುವವರು ಯಾರು ಎಂಬುದನ್ನು ನಮ್ಮ ನಮ್ಮ ಊರಿನಲ್ಲಿಯೇ ಹುಡುಕಬೇಕಾಗುತ್ತದೆ.

ನಮ್ಮ ಸೀಮೆಯ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಬೀದರ ನಗರದಿಂದ ಭಾಲ್ಕಿಗೂ ಔರಾದಿಗೂ ಸುಮಾರು 40 ಕಿಲೋಮೀಟರುಗಳ ದಾರಿ. ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಮಾತುಗಳು ಕೇಳಿಬರುವ ನಾಡಿದು. ತೊಗರಿ, ಉದ್ದು, ಹೆಸರು, ಸೋಯಾ ಬೆಳೆದು ಮಳೆಯ ದಾರಿ ಕಾಯುವ ಜನ. 1998ರಲ್ಲಿ ತೊಗರಿ ಬೆಳೆ ಕೈಕೊಟ್ಟಾಗ ನಮ್ಮ ಜಿಲ್ಲೆಯಿಂದ ರೈತರು ಪ್ರಾಣ ಕಳೆದುಕೊಂಡ ಸುದ್ದಿಗಳು ಒಂದರ ಹಿಂದೊಂದು ಬಂದವು. ನಾಡಿನ ಪತ್ರಿಕೆಗಳು ಬೀದರಿನ ಹೆಸರನ್ನು ಆ ದುಃಖದ ಕಾರಣದಿಂದ ಅಚ್ಚುಮಾಡಿದವು. ಮುಂದೆ ಡಾ. ಜಿ. ಕೆ. ವೀರೇಶ ಅವರ ಅಧ್ಯಕ್ಷತೆಯ ಸಮಿತಿಯು 2002ರಲ್ಲಿ ಸರ್ಕಾರಕ್ಕೆ ವರದಿ ಸಲ್ಲಿಸಿ, ಸಾಲವೊಂದೇ ಕಾರಣವಲ್ಲ, ಮನೆತನದ ಕಷ್ಟ, ಕುಡಿತ ಮೊದಲಾದ ಬೇರೆ ಕಾರಣಗಳೂ ಉಂಟೆಂದು ಹೇಳಿತು. ಸಾಲದ ಭಾರವನ್ನು ಹಗುರ ಮಾಡಿ ತೋರಿಸುವ ಮಾತಿದೆಂದು ಆಗ ಅನೇಕರು ಆಕ್ಷೇಪಿಸಿದರು. ಆಕ್ಷೇಪದಲ್ಲಿ ಹುರುಳಿದ್ದಿತು. ಹೊಲ ಒಣಗಿದವನಿಗೆ ಹಾಡು ಹೇಳು ಎಂದರೆ ಅದು ಕ್ರೌರ್ಯವೇ ಸರಿ. ಆದರೂ ಸಾಲ ಹೊತ್ತವನು ಎಷ್ಟು ದಿನ ಯಾರೊಡನೆಯೂ ಮಾತಿಲ್ಲದೆ ಕುಳಿತಿದ್ದನೆಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ನಮ್ಮ ಕಡೆಯ ಜನ ‘ಖಿನ್ನತೆ’ ಎಂಬ ಶಬ್ದವನ್ನು ಆಡುವುದಿಲ್ಲ. ಅದು ನಾನು ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆಯುವ ಶಬ್ದ. ಅವರು ಹೇಳುವುದು ‘ಫಿಕರ್’ ಎಂದು, ‘ಪರೇಶಾನಿ’ ಎಂದು, ‘ಜೀವಕ್ಕ ಬ್ಯಾಸರಾಗೇದ’ ಎಂದು. ಅದನ್ನೂ ಎಲ್ಲರೆದುರು ಹೇಳುವವರು ಕಡಿಮೆ. ಗಂಡಸರಂತೂ ಹೇಳುವುದೇ ಇಲ್ಲ. ಹುಚ್ಚನೆಂದಾರು, ಮಗಳಿಗೆ ವರ ಸಿಗದೆ ಹೋದೀತು ಎಂಬ ಅಂಜಿಕೆ. ಹೀಗಿರಲು ನೇರವಾಗಿ ‘ನಿನ್ನ ಮನಸ್ಸು ಹೇಗಿದೆ’ ಎಂದು ಕೇಳಿದರೆ ಬಾಗಿಲು ಮುಚ್ಚುತ್ತದೆ. ಕೇಳುವುದಕ್ಕೆ ಒಂದು ನೆವ ಬೇಕು. ಆ ನೆವವನ್ನು ಒದಗಿಸುವ ಶಕ್ತಿ ಕಲೆಯ ಕೂಟಗಳಿಗೆ ಇದೆಯೆಂಬುದೇ ನನ್ನ ಇಂದಿನ ಮಾತಿನ ತಿರುಳು.

ಔರಾದ ತಾಲ್ಲೂಕಿನ ಒಂದು ಹಳ್ಳಿಯ ಭಜನಾ ಮಂಡಳಿಯ ಸಂಗತಿಯನ್ನು ಹೇಳುತ್ತೇನೆ. ಸೋಮವಾರಕ್ಕೊಮ್ಮೆ ಕೂಡುವ ಹತ್ತು ಹನ್ನೆರಡು ಜನರ ಮಂಡಳಿ. ಒಂದು ಹಾರ್ಮೋನಿಯಂ, ಒಂದು ಡೋಲಕ್, ನಾಲ್ಕು ಜೊತೆ ತಾಳ. ನೋಂದಣಿ ಇಲ್ಲ, ಬ್ಯಾಂಕಿನ ಪುಸ್ತಕವಿಲ್ಲ, ಅಧ್ಯಕ್ಷರು ಕಾರ್ಯದರ್ಶಿಗಳೆಂಬವರೂ ಇಲ್ಲ. ಡೋಲಕ್ ಬಾರಿಸುವಾತ ಎರಡು ವಾರ ಬರಲಿಲ್ಲ. ಹಾಡುವವರಲ್ಲಿ ಒಬ್ಬ ಬಾರದಿದ್ದರೆ ಇನ್ನೊಬ್ಬನ ಕಂಠ ಅದನ್ನು ಮುಚ್ಚಿಕೊಂಡು ಹೋದೀತು. ಡೋಲಕ್ ಇಲ್ಲದಿದ್ದರೆ ಹಾಗಲ್ಲ; ಇಡೀ ಕೂಟ ಕುಂಟುತ್ತದೆ, ಗುಡಿಯ ಹೊರಗೆ ಕುಳಿತವರಿಗೂ ಗೊತ್ತಾಗುತ್ತದೆ. ಮೂರನೆಯ ಸೋಮವಾರ ಮಂಡಳಿಯ ಹಿರಿಯರಿಬ್ಬರು ಅವನ ಮನೆಗೆ ಹೋದರು. ಹೆಂಡತಿ ತವರಿಗೆ ಹೋಗಿದ್ದಳು. ಆತ ಕತ್ತಲೆಯ ಕೋಣೆಯಲ್ಲಿ ಊಟ ನಿದ್ದೆ ಬಿಟ್ಟು ಮಲಗಿದ್ದ. ಸಾಲದವರ ಮುಖ ನೋಡಲಾರೆನೆಂದು ಹಗಲು ಹೊರಗೆ ಬರುವುದನ್ನೇ ನಿಲ್ಲಿಸಿದ್ದ. ಹಿರಿಯರು ಅಲ್ಲಿಯೇ ಕುಳಿತರು, ಚಹಾ ತರಿಸಿದರು, ಡೋಲಕಿನ ಹಗ್ಗ ಸಡಿಲಾಗಿದೆಯೆಂದು ಮಾತು ತೆಗೆದರು. ಮರುವಾರ ಅವರೇ ಬಸ್ಸಿನಲ್ಲಿ ಕರೆದುಕೊಂಡು ಬೀದರಿನ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿದರು. ಆರೇಳು ತಿಂಗಳು ಮಾತ್ರೆ ನಡೆಯಿತು.

ಆತನ ಮಗ ನನ್ನ ವಿದ್ಯಾರ್ಥಿ. ಒಂದು ದಿನ ಶಾಲೆಗೆ ಬಂದ ತಂದೆ ತಾನಾಗಿಯೇ ಈ ವಿಷಯ ತೆಗೆದು ಹೇಳಿದ ಮಾತನ್ನು ನಾನು ಬರೆದಿಟ್ಟುಕೊಂಡಿದ್ದೇನೆ: “ಡೋಲಕ್ ಯಾಕ ಬಂದಿಲ್ಲಂತ ಕೇಳ್ಲಿಕ್ಕಿ ಬಂದ್ರು ಸರ್. ನಾ ಯಾಕ ಬಂದಿಲ್ಲಂತ ಕೇಳಿದ್ರ ಬಾಗ್ಲಾ ತೆಗೀತಿದ್ದಿಲ್ಲ.”

ಮನೋವೈದ್ಯಶಾಸ್ತ್ರದಲ್ಲಿ ಇದಕ್ಕೆ ಯಾವ ಹೆಸರಿದೆಯೋ ಕಾಣೆ. ಮೇಳದ ಧರ್ಮವೇ ಇದು: ಅಲ್ಲಿ ಒಬ್ಬನ ಗೈರುಹಾಜರಿ ಕಿವಿಗೆ ಕೇಳಿಸುತ್ತದೆ. ಗುಡಿಯಲ್ಲಿ ಕೈಮುಗಿದು ಹೋಗುವ ನೂರು ಜನರಲ್ಲಿ ಒಬ್ಬ ಬಾರದಿದ್ದರೆ ಯಾರೂ ಅರಿಯರು. ಕೋಲಾಟದ ಜೋಡಿಯಲ್ಲಿ ಒಬ್ಬ ಬಾರದಿದ್ದರೆ ಇನ್ನೊಬ್ಬನ ಕೋಲು ಗಾಳಿಗೆ ಹೊಡೆಯುತ್ತದೆ.

ಹೆಣ್ಣುಮಕ್ಕಳ ಹಾಡುಗಳಲ್ಲಿ ಈ ಧರ್ಮ ಇನ್ನೂ ಸೂಕ್ಷ್ಮವಾಗಿದೆ. ನಮ್ಮ ಜಿಲ್ಲೆಯಲ್ಲಿ ಹೆಂಗಸರು ಸುತ್ತುಗಟ್ಟಿ ಚಪ್ಪಾಳೆಯ ತಾಳದಲ್ಲಿ ಹಾಡುವ ಬುಲಾಯಿ ಪದಗಳಿವೆ. ತವರು, ಅಣ್ಣ ತಮ್ಮಂದಿರು, ಅತ್ತೆಮನೆಯ ಕಷ್ಟಸುಖಗಳನ್ನು ಈ ಬಗೆಯ ಹೆಂಗಳೆಯರ ಪದಗಳು ತುಂಬಿಕೊಂಡಿರುತ್ತವೆ. ಹಾಡಿನೊಳಗಿನ ಹೆಣ್ಣು ಅತ್ತರೆ ಅದು ಹಾಡುವವಳ ಅಳುವಲ್ಲವೆಂದು ಎಲ್ಲರೂ ಒಪ್ಪಿಕೊಂಡಿರುತ್ತಾರೆ; ಆದುದರಿಂದ ಮರ್ಯಾದೆಗೆ ಊನವಿಲ್ಲದೆ ಅಳಬಹುದು. ಬೀಸುವ ಕಲ್ಲಿನ ಮುಂದೆ ನಸುಕಿನಲ್ಲಿ ಹಾಡುತ್ತಿದ್ದ ಪದಗಳೂ ಇಂಥವೇ. ಗಿರಣಿ ಬಂದು ಹೆಂಗಸರ ರಟ್ಟೆಯ ನೋವು ತಪ್ಪಿತು, ಒಳ್ಳೆಯದೇ ಆಯಿತು. ಮತ್ತೆ ಕಲ್ಲು ಬೀಸಿರೆಂದು ಹೇಳುವ ಮೂರ್ಖನು ನಾನಲ್ಲ. ಆದರೆ ಕಲ್ಲಿನ ಜೊತೆಗೆ ಇಬ್ಬರು ಎದುರುಬದುರು ಕುಳಿತು ಮನಸ್ಸು ಬಿಚ್ಚುತ್ತಿದ್ದ ಆ ಒಂದು ಗಳಿಗೆಯೂ ಹೋಯಿತು. ಅದರ ಜಾಗಕ್ಕೆ ನಾವು ಏನನ್ನು ತಂದಿದ್ದೇವೆ? ಹಳ್ಳಿಯ ಸ್ವಸಹಾಯ ಸಂಘಗಳಲ್ಲಿ ವಾರಕ್ಕೊಮ್ಮೆ ಹೆಂಗಸರು ಕೂಡುತ್ತಾರೆ. ಕಂತಿನ ಹಣ ಎಣಿಸಿ ಎದ್ದುಹೋಗುತ್ತಾರೆ. ಎಣಿಕೆ ಮುಗಿದ ಮೇಲೆ ಅರ್ಧ ಗಂಟೆ ಹಾಡಿಗೆ ಮೀಸಲಿಟ್ಟರೆ ಯಾರ ಗಂಟೂ ಕರಗುವುದಿಲ್ಲ. ಮುಪ್ಪಿನ ಹಾಡುಗಾರ್ತಿಯೊಬ್ಬಳನ್ನು ಕರೆಸಿ, ಅವಳಿಗೆ ಬಸ್ಸಿನ ಖರ್ಚನ್ನೂ ಒಂದು ಸೀರೆಯನ್ನೂ ಕೊಟ್ಟರೆ ಪದಗಳೂ ಉಳಿದಾವು, ಆಕೆಯೂ ಉಳಿದಾಳು.

ಮೇಳದ ಕಲಾವಿದನ ಮಾತು ಹೀಗಾಯಿತು. ಇನ್ನು ಒಬ್ಬಂಟಿಯಾಗಿ ದುಡಿಯುವ ಕಲಾವಿದನ ಗತಿಯೇನು? ಇಲ್ಲಿ ಬೀದರ ನಗರದ ಬಿದರಿ ಕೆಲಸಗಾರರನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಬಿದರಿಯ ಪಾತ್ರೆಯನ್ನು ತಾವೆಲ್ಲ ನೋಡಿರುತ್ತೀರಿ. ಕಾಡಿಗೆಯಂಥ ಕಪ್ಪಿನ ಮೇಲೆ ಬೆಳ್ಳಿಯ ಬಳ್ಳಿ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಕೂಡಿಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಮೊನೆಯಿಂದ ಚಿತ್ರ ಬರೆಯುತ್ತಾರೆ. ಚಿತ್ರದ ಗೆರೆಯನ್ನು ಚಾಣದಿಂದ ಕೊರೆದು, ಆ ಸೀಳಿನಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯೊಳಗಿನ, ಬಿಸಿಲು ಮಳೆ ತಾಗದ ಜಾಗದ ಮಣ್ಣನ್ನು ನವಸಾಗರದ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜಿದರೆ ಲೋಹವು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಮಣ್ಣನ್ನು ನಾಲಗೆಯ ಮೇಲಿಟ್ಟು ರುಚಿಯಿಂದ ಪರೀಕ್ಷಿಸುವ ಕೆಲಸಗಾರರುಂಟು. ಈ ಕಲೆಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರಲ್ಲಿ ನಮ್ಮೂರ ಹಿರಿಯ ಕಲಾವಿದರಾದ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಅಂದು ಊರೇ ಹೆಮ್ಮೆಪಟ್ಟಿತು.

ಪ್ರಶಸ್ತಿಯ ಬೆಳಕು ಒಬ್ಬರ ಮೇಲೆ ಬೀಳುತ್ತದೆ. ಕೊರೆಯುವ ಕೆಲಸ ನೂರಾರು ಕೈಗಳದು. ಅವರಲ್ಲಿ ಬಹುಮಂದಿ ಮನೆಯ ಪಡಸಾಲೆಯಲ್ಲಿ ಕುಳಿತು ನಗದ ಲೆಕ್ಕದಲ್ಲಿ ಕೂಲಿ ಪಡೆಯುವವರು. ಇಡೀ ದಿನ ಕತ್ತು ಬಗ್ಗಿಸಿ ಕೂದಲೆಳೆಯಂಥ ಗೆರೆ ಕೊರೆಯಬೇಕು. ವಯಸ್ಸು ನಲವತ್ತು ದಾಟುವುದರೊಳಗೆ ಕಣ್ಣು ಮಂಜಾಗುತ್ತದೆ, ಬೆನ್ನು ಹಿಡಿಯುತ್ತದೆ. ಈಚಿನ ವರ್ಷಗಳಲ್ಲಿ ಬೆಳ್ಳಿಯ ಧಾರಣೆ ಏರುತ್ತ ಹೋದುದರಿಂದ ಬಂಡವಾಳವಿಲ್ಲದವನು ಕೆಲಸವನ್ನೇ ಕೈಗೆತ್ತಿಕೊಳ್ಳಲಾರ. 2020 ಮತ್ತು 2021ರ ಕೊರೋನಾ ಕಾಲದಲ್ಲಿ ಪ್ರವಾಸಿಗಳು ಬರಲಿಲ್ಲ, ಮೇಳಗಳು ನಡೆಯಲಿಲ್ಲ. ಜಾತ್ರೆ ಉರುಸುಗಳು ನಿಂತುದರಿಂದ ಹಲಗಿಯವರು, ಗೊಂದಲಿಗರು, ಬ್ಯಾಂಡಿನವರು ಎಲ್ಲರೂ ಕೈಕಟ್ಟಿ ಕುಳಿತರು. ಆದರೆ ಹಲಗಿಯವನಿಗೆ ತನ್ನ ಮೇಳದವರಾದರೂ ಇದ್ದರು. ಪಡಸಾಲೆಯಲ್ಲಿ ಒಬ್ಬನೇ ಕುಳಿತ ಬಿದರಿಯವನ ಸುತ್ತಿಗೆಯ ಸದ್ದು ನಿಂತರೆ, ಪಕ್ಕದ ಮನೆಯವರು ‘ಇಂದು ಗದ್ದಲವಿಲ್ಲ’ ಎಂದು ನೆಮ್ಮದಿಯಿಂದ ನಿದ್ದೆ ಮಾಡಿಯಾರು.

ಆದುದರಿಂದ ಕಲಾಸಂಘವೆಂಬುದು ಇಂಥವನಿಗೆ ಮೊದಲು ಬೇಕು. ಸಂಘವು ಅವನಿಗೆ ಮಾಡಬೇಕಾದ ಮೊದಲ ಉಪಕಾರ ಸನ್ಮಾನವಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ ಇವುಗಳ ಬಗ್ಗೆ ನನಗೆ ತಿರಸ್ಕಾರವಿಲ್ಲ. ಆದರೆ ಶಾಲುಗಳನ್ನು ಪೆಟ್ಟಿಗೆಯಲ್ಲಿ ತುಂಬಿಟ್ಟು ಕಿರಾಣಿ ಅಂಗಡಿಯಲ್ಲಿ ಉದ್ದರಿ ಹೇಳುವ ಕಲಾವಿದರನ್ನು ನಾನು ಬಲ್ಲೆ. ಹತ್ತು ಜನ ಕೂಡಿ ಬೆಳ್ಳಿಯನ್ನು ಒಟ್ಟಿಗೆ ಕೊಂಡರೆ ಸಾಲದ ಬಡ್ಡಿ ಇಳಿಯುತ್ತದೆ. ಗಾಳಿ ಬೆಳಕಿರುವ ಒಂದು ಕೊಟ್ಟಿಗೆಯಲ್ಲಿ ಎಂಟು ಜನ ಒಟ್ಟಿಗೆ ಕುಳಿತು ಕೊರೆದರೆ ಕೆಲಸವೂ ಸಾಗುತ್ತದೆ, ಮಾತೂ ಸಾಗುತ್ತದೆ. ವರ್ಷಕ್ಕೊಮ್ಮೆ ಕಣ್ಣಿನ ವೈದ್ಯರನ್ನು ಅಲ್ಲಿಗೇ ಕರೆಸಬಹುದು. ಮನಸ್ಸಿನ ವೈದ್ಯರನ್ನು ಕರೆಸುವುದಾದರೂ ಕಣ್ಣಿನ ವೈದ್ಯರ ಜೊತೆಗೇ ಕರೆಸುವುದು ಲೇಸು. ಯಾರು ಯಾರ ಬಳಿ ಹೋದರೆಂದು ಯಾರೂ ಬೆರಳು ಮಾಡುವುದಿಲ್ಲ.

ಇಂಥ ಆಶ್ರಯ ನಮ್ಮ ನಾಡಿಗೆ ಹೊಸದಲ್ಲ. ಹುಮನಾಬಾದ ಬಳಿಯ ಮಾಣಿಕನಗರದಲ್ಲಿ ಮಾಣಿಕಪ್ರಭುಗಳು (1817–1865) ಹಾಡುಗಾರರಿಗೂ ವಾದ್ಯಗಾರರಿಗೂ ಜಾತಿಮತಗಳ ತೊಡಕಿಲ್ಲದೆ ಮನ್ನಣೆ ಕೊಟ್ಟರು. ತಾವೂ ಹಲವು ಭಾಷೆಗಳಲ್ಲಿ ಪದಗಳನ್ನು ಕಟ್ಟಿದರು. ಅಲ್ಲಿಯ ಸಂಗೀತ ದರ್ಬಾರಿನ ಹೆಸರು ಇಂದಿಗೂ ದೊಡ್ಡದು. ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಹಲಗೆ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಕಥೆಯನ್ನು ನಮ್ಮ ಜಿಲ್ಲೆಯ ಮಕ್ಕಳೆಲ್ಲ ಬಲ್ಲರು. ತಾಯ್ನುಡಿಯಲ್ಲಿ ಅತ್ತು ನಗಲು ಅವಕಾಶವಿಲ್ಲದ ಮನಸ್ಸಿಗೆ ಆರೋಗ್ಯವೆಲ್ಲಿಯದು? 1999ರಲ್ಲಿ ಲಿಂಗೈಕ್ಯರಾದ ಆ ಹಿರಿಯರ ಹೆಸರನ್ನು ಬೀದರ ನಗರದ ರಂಗಮಂದಿರಕ್ಕೆ ಇಟ್ಟಿರುವುದು ಉಚಿತವಾಗಿದೆ. ಆ ರಂಗಮಂದಿರದಲ್ಲಿ ಔರಾದಿನ ಬಡ ಮೇಳಕ್ಕೂ ವರ್ಷಕ್ಕೊಂದು ಪೂರ್ತಿ ಸಂಜೆ ಸಿಕ್ಕರೆ ಇನ್ನೂ ಉಚಿತ. ಉತ್ಸವಗಳಲ್ಲಿ ಹೊರಗಿನ ಹೆಸರಾಂತರಿಗೆ ರಾತ್ರಿಯ ವೇಳೆ, ಊರವರಿಗೆ ಮಧ್ಯಾಹ್ನದ ಬಿಸಿಲಿನಲ್ಲಿ ಹತ್ತು ನಿಮಿಷ ಎಂಬ ಪದ್ಧತಿ ಕಲಾವಿದನ ಮನಸ್ಸನ್ನು ಹೇಗೆ ಮುರಿಯುತ್ತದೆಂಬುದನ್ನು ವ್ಯವಸ್ಥಾಪಕರು ಒಮ್ಮೆ ಯೋಚಿಸಬೇಕು.

ಕಲೆ, ಕಲಾವಿದನ ಅನ್ನ, ನೊಂದವರ ಆಸರೆ ಈ ಮೂರೂ ಒಂದೇ ಸೂರಿನಡಿ ಬಂದ ನಿದರ್ಶನ ಬೇಕೆಂದರೆ ನಾನು ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ತೋರಿಸುತ್ತೇನೆ. ಕಣ್ಣಿಲ್ಲದ ಬಾಲಕನಾಗಿ ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯ ಪಡೆದ ಪಂಚಾಕ್ಷರಿ ಗವಾಯಿಗಳು (1892–1944) ಅಂಧ ಅನಾಥ ಮಕ್ಕಳನ್ನು ಕೂಡಿಸಿಕೊಂಡು ಊರೂರು ಅಲೆದು ಸಂಗೀತ ಕಲಿಸಿದರು. ಅವರ ತರುವಾಯ, ತಾವೂ ಕಣ್ಣಿಲ್ಲದವರಾದ ಪುಟ್ಟರಾಜ ಗವಾಯಿಗಳು 2010ರಲ್ಲಿ ದೇಹವಿಡುವವರೆಗೆ ಆ ಭಾರ ಹೊತ್ತರು. ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿಯನ್ನು ಕಟ್ಟಿದರು, ನಾಟಕಗಳನ್ನು ತಾವೇ ಬರೆದರು. ಮನೆಯವರು ಭಾರವೆಂದು ಬಿಟ್ಟ ಕೂಸು ಅಲ್ಲಿಂದ ಹೊರಬರುವಾಗ ಹಾರ್ಮೋನಿಯಂ ಬಲ್ಲ, ತಬಲಾ ಬಲ್ಲ, ಕೀರ್ತನೆ ಹೇಳಬಲ್ಲ ಗವಾಯಿ. ನಾಲ್ಕು ಊರಿನವರು ಪುರಾಣಕ್ಕೆ ಕರೆಯುವ ಮನುಷ್ಯ. ನಮ್ಮ ಹಳ್ಳಿಗಳಿಗೂ ಶ್ರಾವಣದಲ್ಲಿ ಇಂಥ ಗವಾಯಿಗಳು ಪುರಾಣ ಹೇಳಲು ಬರುತ್ತಾರೆ. ಆಶ್ರಮವು ಮಕ್ಕಳಿಗೆ ಕೊಟ್ಟದ್ದು ಕಾಸಿಗೆ ಬರುವ ವಿದ್ಯೆಯನ್ನು. ‘ನಿನ್ನಿಂದ ಇನ್ನೊಬ್ಬರಿಗೆ ಉಪಯೋಗವುಂಟು’ ಎಂಬ ಭರವಸೆ ಅದರೊಡನೆಯೇ ಬಂದಿತು. ದಯೆ ತೋರಿ ಊಟ ಹಾಕಿದ್ದರಷ್ಟೇ ಈ ಭರವಸೆ ಹುಟ್ಟುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಭಜನೆ ಔಷಧವಲ್ಲ. ಡೋಲಕಿನವನು ಗುಣವಾದದ್ದು ಭಜನೆಯಿಂದಲೇ ಎಂದು ಊರಿನಲ್ಲಿ ಮಾತು ಹಬ್ಬಿತ್ತು. ಆರು ತಿಂಗಳು ಮಾತ್ರೆ ನುಂಗಿದ ಮಾತನ್ನು ಎಲ್ಲರೂ ಮರೆತರು. ಕಿವಿಯಲ್ಲಿ ಯಾರೋ ಮಾತನಾಡಿದಂತೆ ಕೇಳುವವನಿಗೆ, ತಿಂಗಳುಗಟ್ಟಲೆ ಏಳಲಾರದವಳಿಗೆ, ಸಾಯುವ ಮಾತನ್ನಾಡುವವನಿಗೆ ವೈದ್ಯರೇ ಬೇಕು. ಗುಡಿಗೂ ದರ್ಗಾಕ್ಕೂ ಹೋಗಿಬರಲಿ, ಯಾರೂ ಬೇಡವೆನ್ನುವುದಿಲ್ಲ. ಆಸ್ಪತ್ರೆಯ ದಾರಿ ಮಾತ್ರ ತಪ್ಪದಿರಲಿ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಮನೋರೋಗಕ್ಕೆ ಚಿಕಿತ್ಸೆ ಕೊಡಬಹುದೆಂಬುದನ್ನು 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ನಮ್ಮದೇ ನಾಡಿನ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದರು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ದೂರವಾಣಿಯ ಸೇವೆಯೂ ಇದೆ. 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಖರ್ಚಿಲ್ಲದೆ ಮಾತನಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಈ ಐದು ಅಂಕೆಗಳನ್ನು ಭಜನಾ ಮಂಡಳಿಯ ಹಾಡಿನ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿರೆಂದು ನಾನು ಕಂಡಕಂಡವರಿಗೆ ಹೇಳುತ್ತಿರುತ್ತೇನೆ.

ಇನ್ನೊಂದು ಮಾತು. ಕಲಾವಿದನು ಊರಿನ ಮನಸ್ಸಿಗೆ ಮದ್ದು ಕೊಡಲಿ, ಅವನ ಹೊಟ್ಟೆಯ ಮಾತು ಆಮೇಲೆ ಎನ್ನುವ ಜನರಿದ್ದಾರೆ. ಈಗ ಅಲ್ಲಲ್ಲಿ ಆರೋಗ್ಯದ ತಿಳಿವಳಿಕೆಗಾಗಿ ಬೀದಿನಾಟಕ ಆಡಿಸುತ್ತಾರೆ, ಹಾಡು ಕಟ್ಟಿಸುತ್ತಾರೆ. ಸಂಭಾವನೆ ಮಾತ್ರ ಆರು ತಿಂಗಳ ಮೇಲೆ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ. ಕುಡಿತ ಬಿಡಿರೆಂದು ಹಾಡಿದವನು ಸಂಭಾವನೆಗಾಗಿ ಕಚೇರಿಯಿಂದ ಕಚೇರಿಗೆ ಅಲೆದು ತಾನೇ ಕುಡಿತಕ್ಕೆ ಬಿದ್ದರೆ ಯಾರನ್ನು ದೂರಬೇಕು? ವೃದ್ಧ ಕಲಾವಿದರಿಗೆ ಸರ್ಕಾರ ಮಾಸಾಶನದ ವ್ಯವಸ್ಥೆ ಮಾಡಿದೆ. ಅರ್ಜಿ ತುಂಬಲು, ದಾಖಲೆ ಕೂಡಿಸಲು ಅಕ್ಷರ ಬಾರದ ಪೋತರಾಜನಿಗೆ, ಗೊಂದಲಿಗನಿಗೆ ಸಾಧ್ಯವಿಲ್ಲ. ತಾಲ್ಲೂಕಿಗೊಬ್ಬ ಓದುಬರಹ ಬಲ್ಲ ಯುವಕನನ್ನು ಸಂಘವು ಈ ಕೆಲಸಕ್ಕೆ ನಿಲ್ಲಿಸಿದರೆ ಹತ್ತು ಸನ್ಮಾನಗಳಿಗಿಂತ ಹೆಚ್ಚಿನ ಪುಣ್ಯ ಬಂದೀತು. ನಮ್ಮ ಶಾಲೆಯ ಮೇಲಿನ ತರಗತಿಯ ಮಕ್ಕಳಿಂದ ಇಂಥ ಅರ್ಜಿಗಳನ್ನು ಬರೆಸಿದ್ದೇನೆ. ಪತ್ರಲೇಖನದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಹೊಳೆದಿಲ್ಲ.

ಸಂಘ ಕಟ್ಟಲು ಹೊರಟವರು ಮೊದಲು ನಿಯಮಾವಳಿ ಅಚ್ಚುಹಾಕಿಸುತ್ತಾರೆ, ಮೊಹರು ಮಾಡಿಸುತ್ತಾರೆ. ಅವೂ ಬೇಕು. ಅದರ ಜೊತೆಗೆ ಒಂದು ರೂಪಾಯಿಯ ಖರ್ಚಿಲ್ಲದ ಒಂದು ಪದ್ಧತಿಯನ್ನೂ ಇಟ್ಟುಕೊಳ್ಳಬಹುದು. ಮೇಲೆ ಹೇಳಿದ ಮಂಡಳಿಯವರು ಈಗ ಅದನ್ನು ನಡೆಸುತ್ತಿದ್ದಾರೆ. ಸೋಮವಾರ ಮಂಗಳಾರತಿಯಾದ ಮೇಲೆ ಹಿರಿಯನೊಬ್ಬ ಸುತ್ತ ನೋಡಿ ಇಂದು ಯಾರು ಬಂದಿಲ್ಲವೆಂದು ಕೇಳುತ್ತಾನೆ. ಬಾರದವರ ಹೆಸರು ಹೇಳುತ್ತಾರೆ. ಹೊಲಕ್ಕೆ ನೀರು ಬಿಡಲು ಹೋಗಿದ್ದಾನೆ, ಮಗಳ ಊರಿಗೆ ಹೋಗಿದ್ದಾನೆ ಎಂದು ಕಾರಣವನ್ನೂ ಹೇಳುತ್ತಾರೆ. ಕಾರಣ ಯಾರಿಗೂ ಗೊತ್ತಿಲ್ಲದಿದ್ದರೆ, ಪ್ರಸಾದದ ಎಲೆಯೊಂದನ್ನು ಕಟ್ಟಿಕೊಂಡು ಇಬ್ಬರು ಆ ರಾತ್ರಿಯೇ ಅವನ ಮನೆಯ ಕಡೆಗೆ ನಡೆಯುತ್ತಾರೆ.